ಮುಳ್ಳು ಮುಟ್ಟದ ಪ್ಲೇಟು

— ಬಾಗಿಲು ಬಿಡು, ಕ್ಲೀಟಸ್.

— ಮೊದಲು ಆ ಪ್ಲೇಟು ಕೆಳಗಿಡು.

ಅಮೆರಿಕದ ಮೆಂಫಿಸ್ಸಿನಲ್ಲಿ ಭಾನುವಾರದ ಬೆಳಗು. ವರ್ಲೀನ್ ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟು ಚರ್ಚಿಗೆ ಹೊರಟು ನಿಂತಿದ್ದಾಳೆ. ಕೈಯಲ್ಲಿ ಸಿಹಿಗೆಣಸಿನ ಪೈ, ಕಂಕುಳಲ್ಲಿ ಗ್ರಾಮಫೋನ್ ಪ್ಲೇಟು. ಪ್ಲೇಟಿನ ಕವರಿನ ಮೇಲೆ ರೆಕ್ಕೆ ಬಿಚ್ಚಿದ ದೇವದೂತ. ಗಂಡ ಕ್ಲೀಟಸ್ ಬನಿಯನ್ನಿನಲ್ಲೇ ಬಾಗಿಲಿಗೆ ಅಡ್ಡ. ಅವನು ಚರ್ಚಿನ ಮೆಟ್ಟಿಲು ಹತ್ತಿ ಹನ್ನೊಂದು ವರ್ಷವಾಯಿತು.

— ಪಾದ್ರಿಗಳು ಈ ಊರಿಗೆ ಬಂದು ಇವತ್ತಿಗೆ ಇಪ್ಪತ್ತು ವರ್ಷ. ಊಟ ಆದಮೇಲೆ ಎಲ್ಲರೂ ಕೂತು ದೇವರ ಹಾಡು ಕೇಳೋಣ ಅಂತಿದ್ದೀವಿ. ನಿನಗ್ಯಾಕೆ ಹೊಟ್ಟೆನೋವು?

— ಬೇರೆ ತಗೊಂಡು ಹೋಗು. ಅದಕ್ಕೆ ಗೀರು ಬಿದ್ದಿದೆ.

— ಪಾದ್ರಿಗಳಿಗೆ ಕಿವಿ ಮಂದ, ಬಿಡು.

— ಸೆಖೆಗೆ ಬಗ್ಗಿದೆ ಕಣೇ.

— ನನ್ನ ಬೆನ್ನೂ ಬಗ್ಗಿದೆ. ಹಾಡ್ತಿಲ್ವಾ ನಾನು?

— ಅದರಲ್ಲಿ ಹಾಡೋ ಹೆಂಗಸಿಗೆ ಶ್ರುತೀನೇ ಇಲ್ಲ!

— ನಲವತ್ತು ವರ್ಷದಿಂದ ನೀನು ಬಚ್ಚಲಲ್ಲಿ ಹಾಡೋದನ್ನ ಕೇಳಿದೋಳು ನಾನು. ಇದೇನು ಮಹಾ!

ಹೊರಗೆ ಕಾರಿನ ಹಾರನ್ನು. ಕರೆದೊಯ್ಯಲು ಬಂದ ಚರ್ಚಿನ ಗೆಳತಿ ಸಿಸ್ಟರ್ ಅರ್ನೆಸ್ಟೀನ್ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರು. ತಲೆಯ ಮೇಲೆ ಹೂಬುಟ್ಟಿಯಷ್ಟು ದೊಡ್ಡ ಟೊಪ್ಪಿ.

— ಇನ್ನೂ ಹೊರಟಿಲ್ವಾ? ಬ್ರದರ್ ಕ್ಲೀಟಸ್, ಇದೇನು ಕಂಬದ ಹಾಗೆ ನಿಂತಿದ್ದೀರಿ?

— ಪ್ಲೇಟು ಒಯ್ಯೋಕೆ ಬಿಡ್ತಿಲ್ಲ ಕಣ್ರೀ. ದೇವದೂತನ ಮೇಲೆ ಇದ್ದಕ್ಕಿದ್ದಂಗೆ ಭಕ್ತಿ ಉಕ್ಕಿಬಿಟ್ಟಿದೆ.

ಕ್ಲೀಟಸ್ ಬೆವರು ಒರೆಸಿಕೊಂಡ. ಇನ್ನು ಬೇರೆ ದಾರಿ ಇರಲಿಲ್ಲ.

— ಕವರು ಮಾತ್ರ ದೇವರದ್ದು. ಒಳಗಿರೋದು... ಬ್ಲೂಸು, ಹೆಂಡದಂಗಡೀಲಿ ಹಾಡೋ ಹಾಡು.

— ಅಯ್ಯೋ ಯೇಸುವೇ! ಅರ್ನೆಸ್ಟೀನ್ ಟೊಪ್ಪಿ ಹಿಡಿದುಕೊಂಡರು.

— ಗಂಡನ ತಲೆಗೆ ಬಾಣಲೆ ಬೀಸಿ ರೈಲು ಹತ್ತಿದೋಳ ಹಾಡು. ವರ್ಲೀನ್, ನೀನು ದೀಕ್ಷಾಸ್ನಾನ ಮಾಡ್ಕೊಂಡು ಬಂದು, ಈ ಮನೇಲಿ ಸೈತಾನನ ಹಾಡು ಇರಕೂಡದು ಅಂದ್ಯಲ್ಲ, ಅವತ್ತೇ ಈ ಕವರಲ್ಲಿ ಬಚ್ಚಿಟ್ಟೆ. ಜಗತ್ತಲ್ಲಿ ಅಂಥಾದ್ದು ಉಳಿದಿರೋದು ಮೂರೇ ಮೂರು! ಸವೆದುಹೋಗುತ್ತೆ ಅಂತ ಒಂದು ಸಲಾನೂ ಮುಳ್ಳು ಮುಟ್ಟಿಸಿಲ್ಲ. ಪಾದ್ರಿಗಳ ಕೈಗೆ ಸಿಕ್ಕರೆ ಮುರಿದು ಒಲೆಗೆ ಹಾಕ್ತಾರೆ!

ವರ್ಲೀನ್ ಪೈ ಕೆಳಗಿಟ್ಟಳು. ಕವರಿನಿಂದ ಪ್ಲೇಟನ್ನು ಮೆಲ್ಲಗೆ ಎಳೆದು ಅವನ ಮೂಗಿನ ಮುಂದೆ ಹಿಡಿದಳು.

— ಓದು.

ಓದಿದ. ದೇವರ ಹಾಡೇ. ಕ್ಲೀಟಸ್ ಕುರ್ಚಿಯ ಮೇಲೆ ಕುಸಿದ.

— ನನ್ನದು? ನನ್ನದೆಲ್ಲಿ?

— ಯಾವತ್ತೋ ಸಿಕ್ಕಿತ್ತು, ತೆಗೆದು ಈ ಕವರಿಗೆ ದೇವರ ಹಾಡೇ ವಾಪಸ್ ಹಾಕಿದೆ. ನಿನ್ನದು ಅಡುಗೆಮನೆ ಕಪಾಟಲ್ಲಿತ್ತು. ಗುರುವಾರ ಗುರುವಾರ ನೀನು ಮೀನು ಹಿಡಿಯೋಕೆ ಹೋದಾಗ ಹಾಕ್ಕೋತಿದ್ದೆ. ಅದಿಲ್ಲದಿದ್ದರೆ ನನಗೆ ಇಸ್ತ್ರಿ ಪೆಟ್ಟಿಗೆ ಮುಂದಕ್ಕೇ ಹೋಗಲ್ಲ.

— ಹಾಕ್ಕೋತಿದ್ದೆಯಾ? ಪ್ರತಿ ವಾರ? ನೀನೇ ಅಲ್ವೇನೇ ಸೈತಾನನ ಹಾಡು ಅಂದಿದ್ದು!

— ಸೈತಾನ ಏನು ಹೇಳ್ತಾನೆ ಅಂತ ತಿಳ್ಕೊಂಡಿದ್ದರೆ ತಾನೇ ಹುಷಾರಾಗಿರೋದು? ಬಾಣಲೆ ಬೀಸೋ ಜಾಗ ಬಂದಾಗ ನಿನ್ನ ಅಂಗಿಗಳೆಲ್ಲ ಗರಿಗರಿಯಾಗಿ ಬರ್ತಿದ್ವು.

— ಅಂಗಿ ಹಾಳಾಗಲಿ! ಇತ್ತು ಅಂದ್ಯಲ್ಲ, ಈಗೆಲ್ಲಿ?

ವರ್ಲೀನ್ ಅರ್ನೆಸ್ಟೀನರ ಕಡೆ ನೋಡಿದಳು. ಅವರು ಟೊಪ್ಪಿಯ ಹೂಗಳನ್ನು ಸರಿಮಾಡಿಕೊಳ್ಳತೊಡಗಿದರು.

— ಹೋದ ತಿಂಗಳು ನಾನು ಒಯ್ದಿದ್ದೆ. ಎರಡೇ ದಿನಕ್ಕೆ, ಅಂದರು ಅರ್ನೆಸ್ಟೀನ್. — ಪಾದ್ರಿಗಳ ತಾಯಿಗೆ ಹೇಗೋ ಗೊತ್ತಾಯ್ತು. ತೊಂಬತ್ತೆರಡು ವಯಸ್ಸು, ಇಲ್ಲ ಅನ್ನೋಕಾಗುತ್ತಾ? ಈಗ ಅವರ ಮಂಚದ ಕೆಳಗಿದೆ. ಕೇಳಿದರೆ, ಬಾಣಲೆ ಬೀಸೋದು ಇನ್ನೂ ಬಾಯಿಪಾಠ ಆಗಿಲ್ಲ ಅಂತಾರೆ.

ಕ್ಲೀಟಸ್ ದಡಕ್ಕನೆ ಎದ್ದ.

— ಇವತ್ತು ಚರ್ಚಿಗೆ ಬರ್ತಾರಾ ಆಕೆ?

— ಮುಂದಿನ ಸಾಲಲ್ಲೇ ಕೂತಿರ್ತಾರೆ.

— ನನ್ನ ಟೈ ಎಲ್ಲೇ?

ಅವನು ಒಳಗೆ ಓಡಿದ. ಕಪಾಟಿನ ಬಾಗಿಲುಗಳು ದಡಬಡ ಸದ್ದು ಮಾಡಿದವು. ವರ್ಲೀನ್ ಪೈ ಎತ್ತಿಕೊಂಡು ನಕ್ಕಳು.

— ನೋಡಿದ್ರಾ ಸಿಸ್ಟರ್? ಹನ್ನೊಂದು ವರ್ಷ ದೇವರು ಕರೆದ, ಬರಲಿಲ್ಲ. ಬಾಣಲೆಯವಳು ಒಂದೇ ಕೂಗಿಗೆ ಎಬ್ಬಿಸಿದಳು!