ಇಲ್ಲದ ಲೈಟಿಗೆ ರಿಪೇರಿ

ಮಾರೇನಹಳ್ಳಿಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ. ಓದಿದ್ದು ಏಳನೇ ಕ್ಲಾಸು. ಆದರೇನು? ಪರದೆ ಇರುವ ಯಾವ ವಸ್ತುವನ್ನೇ ತನ್ನಿ, ಬಿಚ್ಚುವ ಮೊದಲೇ ಅದರ ಕಾಯಿಲೆ ಹೇಳಬಲ್ಲೆ. ಹೋದ ತಿಂಗಳವರೆಗೂ ಹೀಗೇ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಹೆಂಡತಿ ಜಯಮ್ಮನಿಗೆ ಕಾದಂಬರಿ ಎಂದರೆ ಪ್ರಾಣ. ಪುಸ್ತಕದ ಅಕ್ಷರ ಕಾಣದಾದ ಮೇಲೆ ಫೋನಿನಲ್ಲಿ ದೊಡ್ಡದು ಮಾಡಿಕೊಂಡು ಓದುತ್ತಿದ್ದಳು. ಆ ಬೆಳಕಿಗೆ ಕಣ್ಣು ಉರಿದು ನೀರು ಸುರಿಯತೊಡಗಿತು. "ಕಣ್ಣಿಗೆ ರೆಸ್ಟ್ ಕೊಡಿ, ಫೋನು ಮುಟ್ಟಬೇಡಿ" ಎಂದು ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು ಡಾಕ್ಟರು. ಅಂದಿನಿಂದ ಮನೆಯಲ್ಲಿ ಮಾತು ಕಮ್ಮಿಯಾಯಿತು, ಸಾರಿನಲ್ಲಿ ಉಪ್ಪು ಜಾಸ್ತಿಯಾಯಿತು.

ಮಹಡಿ ಮನೆಯ ವಿಮಲಾ ಮೇಡಂ ರಿಟೈರಾದ ಟೀಚರು. ಅವರು ಮರುಗಿ ತಮ್ಮ ಇ-ರೀಡರ್, ಅಂದರೆ ಪುಸ್ತಕ ಓದಲೆಂದೇ ಮಾಡಿದ ಸ್ಲೇಟಿನಂಥ ಸಾಧನ, ತಂದುಕೊಟ್ಟರು. "ಇದ್ರಲ್ಲಿ ಓದಿ ಜಯಮ್ಮ, ಕಣ್ಣಿಗೆ ಹಿತ. ನಾನು ಒಂದ್ವಾರ ಕೆಂಗೇರಿಗೆ ಮಗಳ ಮನೆಗೆ ಹೋಗ್ತಾ ಇದೀನಿ, ಇಟ್ಕೊಂಡಿರಿ."

ಮೂರು ದಿನ ಜಯಮ್ಮ ಒಂದು ಹನಿ ಕಣ್ಣೀರಿಲ್ಲದೆ ಓದಿದಳು. ಗಂಡನ ಮೇಲೆ ಸಿಟ್ಟು ಮಾಡಿಕೊಂಡ ಕಥಾನಾಯಕಿ ಟ್ರಂಕು ಹಿಡಿದು ಬಸ್ ಸ್ಟ್ಯಾಂಡ್ ತಲುಪಿದ್ದಳು. ಆಗ ನಾನು ಇಣುಕಿದೆ.

"ಇದ್ರಲ್ಲಿ ಲೈಟೇ ಇಲ್ವಲ್ಲೇ!"

"ಅಕ್ಷರ ಕಾಣ್ತಾ ಇದೆಯಲ್ರೀ, ಸುಮ್ನಿರಿ."

"ಕಿಟಕಿ ಹತ್ರ ಕೂತಿದೀಯ, ಅದಕ್ಕೆ ಕಾಣ್ತಾ ಇದೆ. ಪರದೆ ಹಿಂದಿನ ಬ್ಯಾಕ್‌ಲೈಟ್ ಹೋಗಿದೆ ಕಣೇ. ಪಾಪ, ಮೇಡಂಗೆ ಯಾರೋ ಟೋಪಿ ಹಾಕಿದಾರೆ."

"ಅದನ್ನ ಮುಟ್ಟಿದ್ರೆ ನೋಡಿ ಮತ್ತೆ!"

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಅಕ್ಕಪಕ್ಕದವರು ಡಬ್ಬಿಯಲ್ಲಿ ಏನಾದರೂ ಕೊಟ್ಟರೆ ಡಬ್ಬಿಯನ್ನು ಖಾಲಿ ವಾಪಸು ಕೊಡುವುದಿಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲವನ್ನಾದರೂ ಹಾಕಿ ಕೊಡುತ್ತೇವೆ. ಮೇಡಂ ಕೊಟ್ಟದ್ದನ್ನು ಲೈಟ್ ಹಾಕಿ ವಾಪಸು ಕೊಡಬೇಕೆಂದು ನಾನು ತೀರ್ಮಾನಿಸಿದೆ. ಮಾರನೆಯ ಬೆಳಿಗ್ಗೆ ಜಯಮ್ಮ ಸೊಪ್ಪು ತರಲು ಹೋದದ್ದೇ ತಡ, ರೋಗಿಯನ್ನು ಅಂಗಡಿಗೆ ಸಾಗಿಸಿದೆ.

ಪುಟ ತಿರುಗಿಸಿದೆ. ಪರದೆ ಪೂರ್ತಿ ಒಮ್ಮೆ ಕಪ್ಪಾಗಿ ಸರಿಹೋಯಿತು. "ಸಪ್ಲೈ ಫಾಲ್ಟ್" ಎಂದು ಘೋಷಿಸಿದೆ. ಆಫ್ ಮಾಡಿದೆ. ಅಕ್ಷರ ಹೋಗಿ ಒಂದು ಗೂಬೆಯ ಚಿತ್ರ ಬಂದು ಕುಳಿತಿತು. ಎಷ್ಟು ಹೊತ್ತಾದರೂ ಏಳಲಿಲ್ಲ! ಟಿವಿ ಆಫ್ ಮಾಡಿದ ಮೇಲೂ ವಾರ್ತೆ ಓದುವವರು ಅಲ್ಲೇ ಕೂತಿದ್ದರೆ ಯಾರು ಸುಮ್ಮನಿರುತ್ತಾರೆ? ಬೆನ್ನು ಬಿಚ್ಚಿ ಬ್ಯಾಟರಿಯನ್ನೇ ಕಿತ್ತೆ. ಗೂಬೆ ನನ್ನನ್ನೇ ನೋಡುತ್ತಿತ್ತು.

ಪಕ್ಕದ ಟೈಲರ್ ನಾಗರಾಜ ಬಂದು ನಿಂತ. "ಅಣ್ಣಾ, ಕರೆಂಟೇ ಇಲ್ದೆ ನೋಡ್ತಾ ಐತಲ್ಲಾ! ಇದಕ್ಕೆ ಸ್ಕ್ರೂಡ್ರೈವರ್ ಸಾಲಲ್ಲ, ತಾಯತ ಕಟ್ಸು."

"ನಿನ್ ಕೆಲಸ ನೀನ್ ನೋಡೋ" ಎಂದು ಗದರಿ ಎಲ್‌ಇಡಿ ಪಟ್ಟಿ ಹುಡುಕಿದೆ. ಇಲ್ಲ! ಯಾರೋ ಕಳ್ಳ ರಿಪೇರಿಯವನು ಲೈಟನ್ನೇ ಎಗರಿಸಿದ್ದಾನೆ! ನನ್ನ ಕಸುಬಿಗೇ ಕಳಂಕ! ಸಿಟ್ಟಿನಿಂದ ಇನ್ನೂ ಒಳಗೆ ಮೀಟಿದೆ.

ಚಟ್!

ಬ್ಯಾಟರಿ ಹಾಕಿ ಆನ್ ಮಾಡಿದರೆ ಮೇಲರ್ಧ ಬರೀ ಕಪ್ಪು ಗೆರೆ, ಕೆಳಗರ್ಧ ಗೂಬೆಯ ಕಾಲು. ಅಷ್ಟರಲ್ಲಿ ಸೊಪ್ಪಿನ ಚೀಲದೊಂದಿಗೆ ಜಯಮ್ಮ ಪ್ರತ್ಯಕ್ಷ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವಳು ಬಸ್ ಹತ್ತಿದ್ಲೋ ಇಲ್ವೋ, ಇನ್ನು ನಂಗೆ ಗೊತ್ತಾಗೋದು ಹೇಗ್ರೀ?" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ಈ ಸಲ ಫೋನಿನ ತಪ್ಪಲ್ಲ.

ಮೇಡಂ ವಾಪಸು ಬಂದ ದಿನ ತಲೆ ತಗ್ಗಿಸಿ ಮಹಡಿ ಹತ್ತಿದೆ.

"ಬ್ಯಾಕ್‌ಲೈಟ್ ಹಾಕೋಣ ಅಂತ..."

"ಇದಕ್ಕೆ ಬ್ಯಾಕ್‌ಲೈಟೇ ಇರಲ್ಲಪ್ಪ. ಇದು ಕಾಗದ ಇದ್ದ ಹಾಗೆ, ಹೊರಗಿನ ಬೆಳಕಲ್ಲಿ ಓದ್ಬೇಕು. ಅದಕ್ಕೇ ಕಣ್ಣು ಉರಿಯಲ್ಲ. ಒಂದ್ಸಲ ಮೂಡಿದ ಚಿತ್ರ ಕರೆಂಟಿಲ್ದಿದ್ರೂ ಹಾಗೇ ಇರುತ್ತೆ."

"ಹಾಗಾದ್ರೆ ಇದು ಕೆಟ್ಟಿರಲಿಲ್ವಾ ಮೇಡಂ?"

"ನೀವು ಮುಟ್ಟೋವರೆಗೂ ಇಲ್ಲ."

"ಹೊಸದು ತಂದ್ಕೊಡ್ತೀನಿ."

"ತರ್ತೀರಿ, ಗೊತ್ತು. ಅಲ್ಲೀವರೆಗೆ ಜಯಮ್ಮನ ಗತಿ?" ಎಂದು ಅದೇ ಕಾದಂಬರಿಯ ಹಳೆಯ ಪುಸ್ತಕ ತೆಗೆದರು. ಇರುವೆ ಸಾಲಿನಂಥ ಅಕ್ಷರ. "ಇದು ಅವರಿಗೆ ಕಾಣಲ್ಲ. ದಿನಾ ಸಂಜೆ ನೀವೇ ಓದಿ ಹೇಳಿ."

ಏಳನೇ ಕ್ಲಾಸಿನ ನಂತರ ನಾನು ಗಟ್ಟಿಯಾಗಿ ಒಂದು ಪುಟವನ್ನೂ ಓದಿದವನಲ್ಲ. ಆ ಸಂಜೆ ಜಯಮ್ಮನ ಎದುರು ಕೂತು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಶುರು ಮಾಡಿದೆ. "ಅವಳು... ಬಸ್ಸಿನ... ಮೆಟ್ಟಿಲಿನ..."

"ಬೇಗ ಓದ್ರೀ, ಬಸ್ಸು ಹೊರಟೋಗುತ್ತೆ!"

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಬೆರಗಾದರು. "ಕಣ್ಣು ಎಷ್ಟೋ ವಾಸಿಯಾಗಿದೆಯಲ್ಲಮ್ಮ! ಏನು ಮಾಡಿದ್ರಿ?"

ನಾನು ಕಾಲರ್ ಸರಿಮಾಡಿಕೊಂಡೆ. "ದಿನಾ ನಾನೇ ಕಾದಂಬರಿ ಓದಿ ಹೇಳ್ತೀನಿ ಸಾರ್."

"ಹೌದು ಡಾಕ್ಟ್ರೇ," ಎಂದಳು ಜಯಮ್ಮ, "ಇವರು ಎರಡು ಸಾಲು ಮುಗಿಸೋಷ್ಟರಲ್ಲಿ ನಂಗೆ ಗಾಢ ನಿದ್ದೆ. ಕಣ್ಣಿಗೆ ಇಷ್ಟು ರೆಸ್ಟು ಯಾವತ್ತೂ ಸಿಕ್ಕಿರ್ಲಿಲ್ಲ."

ಡಾಕ್ಟರು ನಗಲಿಲ್ಲ. ಗಂಭೀರವಾಗಿ ಔಷಧಿ ಚೀಟಿ ಎಳೆದುಕೊಂಡು ಕಣ್ಣಿಗೆ ಹಾಕುವ ಹನಿಯ ಹೆಸರನ್ನು ಹೊಡೆದುಹಾಕಿದರು. ಅದರ ಜಾಗದಲ್ಲಿ ನನ್ನ ಓದನ್ನು ಬರೆದರು. ದಿನಕ್ಕೆ ಎರಡು ಸಲ!