ದೇವರಾಜನ ಗಿಟಾರಿಗೆ ಉಸಿರು ಬಂದದ್ದು

"ಸ್ಯಾಕ್ಸೊಫೋನ್ ಏನು ಆಕಾಸದಿಂದ ಇಳ್ದೈತಾ? ಅದು ಊದಿದ್ದನ್ನೆಲ್ಲ ನನ್ ಗಿಟಾರೇ ನುಡಿತೈತೆ, ನೋಡ್ತಿರು!"

ಮಾಗಡಿಯ ಆರ್ಕೆಸ್ಟ್ರಾದಲ್ಲಿ ಇಪ್ಪತ್ತೆರಡು ವರ್ಷ ಗಿಟಾರ್ ಬಾರಿಸಿ ಬೆರಳು ಸವೆಸಿಕೊಂಡಿದ್ದ ದೇವರಾಜ್ ಹೀಗೆ ಗುಡುಗಿದ್ದು ಸ್ಯಾಕ್ಸೊಫೋನಿನ ವಹಾಬನ ಮುಂದೆ. ವಹಾಬ ಮುಂದಿನ ಎರಡು ಹಲ್ಲು ಕೀಳಿಸಿಕೊಂಡು, ಊದಲಾಗದೆ ಕೂತಿದ್ದ. ಭಾನುವಾರದ ಆರತಕ್ಷತೆಗೆ ಗಂಡಿನ ಕಡೆಯವರು ಜಾಜ್ ಸಂಗೀತವೇ ಬೇಕೆಂದಿದ್ದರು. ದೇವರಾಜ್ ಅದನ್ನು ನಿಭಾಯಿಸದಿದ್ದರೆ ಅವನ ಜಾಗಕ್ಕೆ ಕೀಬೋರ್ಡಿನವನು ಬರುತ್ತಾನೆಂದು ಯಜಮಾನ ರುದ್ರಪ್ರಸಾದ್ ಹೇಳಿಬಿಟ್ಟಿದ್ದ.

"ಬೆರಳು ಓಡ್ಸಿದ್ರೆ ಆಗಲ್ಲ ಕಣ್ಲಾ," ಎಂದ ವಹಾಬ, ಗಾಳಿ ಸೋರುವ ಬಾಯಲ್ಲಿ. "ನಿನ್ ಗಿಟಾರು ಉಸುರೇ ಬುಡಲ್ಲ. ಒಂದ್ಸಾರಿ ಉಸುರೆಳ್ಕಂಡು ಊದ್ತಾ ನುಡುಸು. ಉಸುರು ಮುಗುದ್ ಕಡೆ ನಿಲ್ಸು. ಆ ಸುಮ್ಕಿರೋದೇ ಜಾಜು."

ಶುರುವಾಯಿತು ಘೋರ ತಪಸ್ಸು! ಕೆನ್ನೆ ಉಬ್ಬಿಸಿ, ತಂತಿ ಮೀಟುತ್ತಾ ಉಫ್ ಎಂದು ಊದುವುದು. ಮೂರೇ ದಿನಕ್ಕೆ ತಲೆಸುತ್ತು, ಪಕ್ಕೆನೋವು, ಕೂತರೂ ಏದುಸಿರು.

"ಏನ್ರೀ, ಬೆರಳಲ್ಲಿ ಬಾರ್ಸೋದ್ಕೆ ಬಾಯಿ ಯಾಕೆ ಹಂಗೆ?" ಎಂದಳು ಹೆಂಡತಿ ನಯನಾ.

"ಸುಮ್ಕಿರೇ! ನಿಂಗೇನ್ ಗೊತ್ತಾಯ್ತದೆ?"

"ಹೆಂಗೂ ಊದ್ತಿದೀರ. ಒಸಿ ಒಲೆ ಮುಂದೆ ಕೂತ್ಕಳಿ, ನೀರಾದ್ರೂ ಕಾಯ್ಲಿ."

ಕೂತ. ಮೀಸೆಗೆಲ್ಲ ಬೂದಿ. ಆದರೂ ಶನಿವಾರ ವಹಾಬ ಕೇಳಿ ತಲೆದೂಗಿದ.

ಭಾನುವಾರ ಛತ್ರ ಕಿಕ್ಕಿರಿದಿತ್ತು. ದೇವರಾಜ್ ಎದೆ ತುಂಬ ಗಾಳಿ ಎಳೆದು ಶುರುಮಾಡಿದ. ಸ್ವರ ಬಳುಕಿತು, ಜಾರಿತು, ದಣಿದ ಮನುಷ್ಯನಂತೆ ನಿಟ್ಟುಸಿರಿಟ್ಟು ನಿಂತಿತು. ಆಮೇಲೆ ಆ ದಿವ್ಯ ಮೌನ!

ಐನೂರು ಜನ ಒಟ್ಟಿಗೆ ಎದ್ದರು. ಚಪ್ಪಾಳೆಗಲ್ಲ! ಆರ್ಕೆಸ್ಟ್ರಾ ನಿಂತಿತೆಂದರೆ ಎಲೆ ಹಾಕಿದರೆಂದೇ ಅವರೆಲ್ಲರ ಲೆಕ್ಕ. ಅವನು ಎರಡನೆಯ ಉಸಿರು ಎಳೆಯುವಷ್ಟರಲ್ಲಿ ಊಟದ ಮನೆ ಬಾಗಿಲಲ್ಲಿ ನೂಕುನುಗ್ಗಲು. ಎದುರಿಗೆ ಉಳಿದದ್ದು ಖಾಲಿ ಕುರ್ಚಿ, ಮದುಮಕ್ಕಳು, ಫೋಟೊದವನು.

ಅಡುಗೆಯ ನರಸಯ್ಯ ಸೌಟು ಹಿಡಿದೇ ವೇದಿಕೆಗೆ ನುಗ್ಗಿದ. "ಯಾವನ್ಲಾ ನಿಲ್ಸಿದ್ದು? ಅನ್ನ ಇನ್ನೂ ಬಸ್ದಿಲ್ಲ! ಬಾರ್ಸು! ನಾನ್ ಹೇಳೋಗಂಟ ಉಸುರು ಬುಟ್ಟೀಯ, ಹುಷಾರ್!"

ಬಾರಿಸಿದ. ಮುಕ್ಕಾಲು ಗಂಟೆ, ಒಂದೇ ಸಮನೆ, ಬೆವರಿಳಿಸಿಕೊಂಡು.

ಕೊನೆಗೆ ರುದ್ರಪ್ರಸಾದ್ "ನಾಳೆಯಿಂದ ಬರಬ್ಯಾಡ ಕಣಪ್ಪ" ಎಂದು ಹೊರಟುಹೋದ. ಮೆಟ್ಟಿಲ ಮೇಲೆ ಕುಸಿದು ಕೂತಿದ್ದ ದೇವರಾಜನ ಬಳಿಗೆ ಬಂದವನು ನರಸಯ್ಯನೊಬ್ಬನೇ, ಲೋಟದಲ್ಲಿ ಪಾಯಸ ಹಿಡಿದು.

"ನನ್ ಜತೆ ಬಂದ್ಬುಡಣ್ಣ. ಊಟಕ್ಕೇಳಿ, ಊಟಕ್ಕೇಳಿ ಅಂತ ಕೂಗಿ ಕೂಗಿ ನನ್ ಗಂಟ್ಲು ಬಿದ್ದೋಗೈತೆ. ನೀನಾದ್ರೆ ಒಸಿ ಸುಮ್ಕಾದ್ರೆ ಸಾಕು!"