ಹವಾಮಾನದ ಯಂತ್ರಕ್ಕೆ ಊಟ ವಿಚಾರಿಸಿದ್ದು

ಅಂದು ನಲ್ಲಿಯಲ್ಲಿ ನೀರು ಬರುವ ದಿನ. ಡ್ರಮ್ಮು, ಕೊಡ, ಕೊನೆಗೆ ಕುಕ್ಕರಿಗೂ ನೀರು ತುಂಬಿಸಿ, ಅವಲಕ್ಕಿಗೆ ಒಗ್ಗರಣೆ ಹಾಕಿ, ಮಾಳಿಗೆಯ ಮೇಲೆ ಸಂಡಿಗೆ ಇಟ್ಟು, ನಮ್ಮನೆಯವರನ್ನು ಅಂಗಡಿಗೆ ಕಳಿಸಿ ಲ್ಯಾಪ್‌ಟಾಪ್ ತೆರೆದೆ. ಆಗ ನನಗಿದ್ದ ಆತ್ಮವಿಶ್ವಾಸದ ಮುಂದೆ ನಮ್ಮ ದುರ್ಗದ ಕೋಟೆಯೂ ಗಿಡ್ಡವೇ.

ನಾನಿರುವ ಸಾಮಾಜಿಕ ಜಾಲಕ್ಕೆ ಒಬ್ಬನೇ ಮಾಲೀಕ ಎಂದಿಲ್ಲ. ಎಲ್ಲ ಚಿಕ್ಕ ಚಿಕ್ಕ ಸರ್ವರ್‌ಗಳು. ಒಂದೊಂದನ್ನೂ ಯಾರೋ ಪುಣ್ಯಾತ್ಮರು ಕೈಯಿಂದ ಖರ್ಚು ಮಾಡಿ ನಡೆಸುತ್ತಾರೆ. ಒಂದರಲ್ಲಿರುವವರು ಇನ್ನೊಂದರವರ ಜೊತೆ ಧಾರಾಳವಾಗಿ ಮಾತಾಡಬಹುದು. ಇಷ್ಟು ಸಜ್ಜನಿಕೆಯ ಏರ್ಪಾಡನ್ನು ನಾನು ಓದಿದ ಕಾನ್ವೆಂಟಿನಲ್ಲೂ ಕಂಡಿರಲಿಲ್ಲ. ತೊಡಕು ಒಂದೇ. ಬೇರೆ ಸರ್ವರ್‌ನ ಪುಟವನ್ನು ನೇರವಾಗಿ ತೆರೆದರೆ ಅದು ನನ್ನನ್ನು ಯಾರೋ ಎಂಬಂತೆ ನೋಡಿ ಹೊರಗೇ ನಿಲ್ಲಿಸುತ್ತದೆ. ಅದಕ್ಕೂ ಬ್ರೌಸರಿಗೆ ಸೇರಿಸುವ ಎಕ್ಸ್‌ಟೆನ್ಷನ್ ಸಿಕ್ಕಿತು. ಈಗ ಯಾರ ಪುಟವಾದರೂ ನಮ್ಮ ಸರ್ವರಿನೊಳಗಿಂದಲೇ ತೆರೆದುಕೊಳ್ಳುತ್ತದೆ.

ಹಾಗೆ ಸಿಕ್ಕವಳು ಕೆಂಚಮ್ಮ. ಹಿರೇಗುಂಟನೂರಿನ ಕುರಿ ಸಾಕುವ ಮನೆಯಾಕೆ. ಹೊಸದುರ್ಗದ ಹೆಂಗಸೊಬ್ಬರು ನಡೆಸುವ ಪುಟ್ಟ ಸರ್ವರ್‌ನಲ್ಲಿ ಕಂಬಳಿಯ ಬಗ್ಗೆ ಬರೆಯುತ್ತಾಳೆ. ಕರಿ ಉಣ್ಣೆಯೊಳಗೂ ಬಗೆಬಗೆಯ ಕಪ್ಪು ಇದೆಯೆಂದು ನಾನು ಕಲಿತದ್ದು ಅವಳ ಫೋಟೋಗಳಿಂದ. ಅಂದು ಸಂಜೆ ಅವಳು ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದನ್ನು ಲೈವ್ ತೋರಿಸುವವಳಿದ್ದಳು. ನಾನು ವಾರದಿಂದ ಕಾದಿದ್ದೆ.

ಕೆಡಿಸಿದ್ದು ನನ್ನ ಸಂಸ್ಕಾರ. ಪಕ್ಕದ ಮನೆಯಿಂದ ಬಂದ ಬಟ್ಟಲನ್ನು ಖಾಲಿ ಹಿಂದಿರುಗಿಸುವ ವಂಶ ನಮ್ಮದಲ್ಲ. ಜಾಲದಲ್ಲಿ ನನಗೆ ಬರೆದವರಿಗೆಲ್ಲ ಉತ್ತರಿಸಲು ಪುರಸೊತ್ತಾಗದೆ ಮನಸ್ಸು ಚುಚ್ಚುತ್ತಿತ್ತು. ಅದಕ್ಕೆಂದೇ ಒಂದು ಸ್ಕ್ರಿಪ್ಟ್ ಹುಡುಕಿ ಬ್ರೌಸರಿಗೆ ಹಾಕಿದೆ. ಯಾರೇ ಬರೆಯಲಿ, ತಕ್ಷಣ ನನ್ನ ಹೆಸರಿನಲ್ಲಿ ಉತ್ತರ ಹೋಗುತ್ತದೆ: “ಧನ್ಯವಾದ. ಊಟ ಆಯ್ತಾ?”

ಮಧ್ಯಾಹ್ನ ಮೋಡ ಕವಿಯಿತು. ಸಂಡಿಗೆಯ ಚಿಂತೆಯಿಂದ, ಅದೇ ಹೊಸದುರ್ಗದ ಸರ್ವರ್‌ನಲ್ಲಿರುವ ಹವಾಮಾನದ ಖಾತೆಗೆ “ದುರ್ಗದಲ್ಲಿ ಮಳೆ ಬರುತ್ತಾ?” ಎಂದು ಕೇಳಿದೆ. “ಇಲ್ಲ” ಎಂದು ಬಂತು. ನಿಶ್ಚಿಂತೆಯಿಂದ ಮಲಗಿದೆ.

ಆ ಖಾತೆಯೂ ಯಂತ್ರವೇ! ನನ್ನ ಸ್ಕ್ರಿಪ್ಟ್ ಅದಕ್ಕೆ ಧನ್ಯವಾದ ಹೇಳಿ ಊಟ ವಿಚಾರಿಸಿತು. ಅದು “ಅರ್ಥವಾಗಲಿಲ್ಲ, ಊರಿನ ಹೆಸರು ಬರೆಯಿರಿ” ಎಂದಿತು. ಇದು ಮತ್ತೆ ಧನ್ಯವಾದ ಹೇಳಿ ಊಟ ವಿಚಾರಿಸಿತು. ಇಬ್ಬರೂ ಸುಸಂಸ್ಕೃತರು. ಯಾರೂ ಮೊದಲು ಮಾತು ನಿಲ್ಲಿಸಲಿಲ್ಲ.

ಕಾಫಿಗೆ ಬಂದ ನಮ್ಮನೆಯವರೇ ಎಬ್ಬಿಸಿದರು. “ಏನೇ ಇದು, ಲ್ಯಾಪ್‌ಟಾಪು ಇಸ್ತ್ರಿಪೆಟ್ಟಿಗೆ ಥರ ಕಾದೈತೆ?”

ನಮ್ಮ ಸರ್ವರ್ ನೋಡಿಕೊಳ್ಳುವವರ ಸಂದೇಶ ಬಂದಿತ್ತು. ನನ್ನ ಉಪಚಾರ ತಾಳಲಾರದೆ ಹೊಸದುರ್ಗದ ಸರ್ವರ್ ಕುಸಿದುಬಿದ್ದು, ಆಮೇಲೆ ಎದ್ದು, ನಮ್ಮ ಸರ್ವರ್‌ನ ಸಕಲರಿಗೂ ಬಾಗಿಲು ಹಾಕಿಕೊಂಡಿದೆಯಂತೆ. ಕೆಳಗೆ ನನ್ನ ಉತ್ತರವೂ ಆಗಲೇ ಹೋಗಿತ್ತು: “ಧನ್ಯವಾದ. ಊಟ ಆಯ್ತಾ?”

ನಮ್ಮನೆಯವರು ಓದಿ, “ಪಾಪ, ಅವ್ರಿಗೂ ಕೇಳಿದ್ದೀಯ” ಎಂದರು.

ಸ್ಕ್ರಿಪ್ಟ್ ಕಿತ್ತುಹಾಕಿ, ಹೊಸದುರ್ಗದ ಆಕೆಗೆ ಕಾನ್ವೆಂಟಿನಲ್ಲಿ ಕಲಿತ ಮರ್ಯಾದೆಯನ್ನೆಲ್ಲ ಸುರಿದು ಕ್ಷಮಾಪಣೆಯ ಮೇಲ್ ಕಳಿಸಿದೆ. ಕೆಂಚಮ್ಮನ ಲೈವ್ ಇದೆ, ದಯವಿಟ್ಟು ಸಂಜೆಯೊಳಗೆ ಬಾಗಿಲು ತೆಗೆಯಿರಿ ಎಂದೂ ಬೇಡಿಕೊಂಡೆ.

ಉತ್ತರ ಬಂತು: “ಬೈದು ಗಲಾಟೆ ಮಾಡಿದೋರನ್ನ ಬಾಳ ನೋಡೀನಿ. ಊಟ ಕೇಳಿ ಸರ್ವರ್ ಬೀಳಿಸಿದೋರು ನೀವೇ ಮೊದ್ಲು. ಬ್ಯಾಸರ ಮಾಡ್ಕೋಬ್ಯಾಡ್ರಿ. ಈಗ ಮಕ್ಕಳ ಟ್ಯೂಷನ್ ಐತೆ, ರಾತ್ರಿ ಪಾತ್ರೆ ತೊಳೆದ ಮ್ಯಾಲೆ ತಗೀತೀನಿ.”

ಎಂಥ ದೊಡ್ಡ ಮನಸ್ಸು! ಆದರೆ ಅಷ್ಟು ಹೊತ್ತಿಗೆ ಗಂಜಿ ಹಚ್ಚಿ, ಒಣಗಿಯೂ ಆಗಿರುತ್ತದೆ.

ಸಂಜೆ ಮೆಟ್ಟಿಲ ಮೇಲೆ ಕುಳಿತು, ಸೊಪ್ಪು ಬಿಡಿಸುತ್ತಿದ್ದ ಪಕ್ಕದ ಮನೆ ಸರೋಜಕ್ಕನಿಗೆ ಎಲ್ಲ ಹೇಳಿದೆ. ಸರ್ವರ್, ಎಕ್ಸ್‌ಟೆನ್ಷನ್, ಸ್ಕ್ರಿಪ್ಟ್ ಎಲ್ಲ ವಿವರಿಸಿ, ಕೆಂಚಮ್ಮನನ್ನು ನೋಡುವ ದಾರಿಗಳೆಲ್ಲ ಇವತ್ತಿಗೆ ಮುಚ್ಚಿಹೋದವೆಂದು ನಿಟ್ಟುಸಿರಿಟ್ಟೆ.

ಸರೋಜಕ್ಕ ತಲೆಯೆತ್ತದೆ ಒಂದು ಹುಳುಕು ಎಲೆ ಆಚೆ ಎಸೆದರು.

“ಹಿರೇಗುಂಟನೂರಾ? ಅಲ್ಲಿಗೆ ಬಸ್ ಐತಲ್ರೀ.”